ಪಟ್ಟಿಯ ಹೊರಗಿನವರು



ಜಯನಗರದಲ್ಲಿ ನಾವಿಂದು ಸೇರಿರುವ ಈ ದತ್ತಿ ಉಪನ್ಯಾಸ ಯಾರ ನೆನಪಿನದು ಎಂಬುದು ಆಹ್ವಾನಪತ್ರಿಕೆಯಲ್ಲಿ ಇಲ್ಲ. ಹೆಸರು ಹಾಕುವುದು ಬೇಡ ಎಂದು ದತ್ತಿ ಇಟ್ಟ ಮನೆಯವರೇ ಹೇಳಿದ್ದಾರೆ. ಹೆಸರಿಲ್ಲದ ದತ್ತಿಗೆ ಉಪನ್ಯಾಸ ಕೊಡುವುದು ಹೇಗೆ ಎಂದು ನಾನು ಮೊದಲು ತಕರಾರು ಮಾಡಿದೆ. ಆಮೇಲೆ ಅನ್ನಿಸಿತು: ದತ್ತಿ ಯಾರ ನೆನಪಿನದೋ ಅವರು ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಹೆಸರುಗಳನ್ನು ಅಚ್ಚುಮೊಳೆಯಲ್ಲಿ ಜೋಡಿಸಿದವರು. ಅವರ ಹೆಸರು ಅವರು ದುಡಿದ ಪತ್ರಿಕೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಈಗಲೂ ಬರದಿದ್ದರೆ ಅವರೇನೂ ಬೇಸರ ಮಾಡಿಕೊಳ್ಳಲಾರರು. ಪ್ರೆಸ್ಸಿನಲ್ಲಿ ನಾವೆಲ್ಲ ಅವರನ್ನು ಅಣ್ಣಯ್ಯ ಎನ್ನುತ್ತಿದ್ದೆವು. ಇವತ್ತೂ ಹಾಗೇ ಕರೆಯುತ್ತೇನೆ.

ನನಗೆ ಕೊಟ್ಟಿರುವ ವಿಷಯ ಮಾಧ್ಯಮ, ಸಂಪರ್ಕ, ತಂತ್ರಜ್ಞಾನಗಳ ವೃತ್ತಿಸಂಘಗಳು. ಕೇಳಿದರೆ ಸರ್ಕಾರಿ ಸುತ್ತೋಲೆಯ ತಲೆಬರಹದ ಹಾಗಿದೆ. ಅದಕ್ಕೇ ನಾನು ಒಂದು ಮೇಜಿನಿಂದ ಶುರುಮಾಡುತ್ತೇನೆ.

1971ರಲ್ಲಿ ನಾನು ಊರಿನ ಒಂದು ಪತ್ರಿಕೆಗೆ ಕರಡು ತಿದ್ದುವವನಾಗಿ ಸೇರಿದೆ. ಮೇಜಿನ ಈಚೆ ನಾನು, ಆಚೆ ಅಣ್ಣಯ್ಯ. ಅವರ ಹಿಂದೆ ಗೋಡೆಯುದ್ದಕ್ಕೂ ಮೊಳೆಯ ಕೇಸುಗಳು. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸೇರಿ ನೂರಾರು ಗೂಡುಗಳು. ಯಾವ ಗೂಡಿನಲ್ಲಿ ಯಾವ ಮೊಳೆ ಎಂಬುದು ಅಣ್ಣಯ್ಯನ ಬೆರಳಿಗೆ ಗೊತ್ತಿತ್ತು, ಕಣ್ಣಿನ ಗೊಡವೆಯೇ ಇರಲಿಲ್ಲ. ಜೋಡಿಸಿದ ಸಾಲನ್ನು ಅವರು ಎಡಬಲ ತಿರುಗಿದ ಸ್ಥಿತಿಯಲ್ಲೇ, ಸೀಸದಲ್ಲೇ ಓದುತ್ತಿದ್ದರು. ನಾನು ಕಾಗದದ ಮೇಲೆ ಒತ್ತಿ ತೆಗೆದ ಪ್ರೂಫನ್ನು ನೇರವಾಗಿ ಓದಿ ತಪ್ಪು ಹುಡುಕುತ್ತಿದ್ದೆ. ಎಷ್ಟೋ ಸಲ ನಾನು ಗುರುತು ಹಾಕುವ ಮೊದಲೇ ಅವರು, 'ಲೇಖಕರು ಬರೆದದ್ದೇ ತಪ್ಪಪ್ಪಾ, ನಾನು ತಿದ್ದಿಬಿಟ್ಟೆ, ಹೇಳಬೇಡ' ಅಂದದ್ದುಂಟು.

ಒಂದೇ ಮೇಜು, ಒಂದೇ ದೀಪ, ಒಂದೇ ರಾತ್ರಿಪಾಳಿ. ಆದರೆ ನಾವಿಬ್ಬರೂ ಬೇರೆ ಬೇರೆ ಕಾನೂನಿನಡಿ ಇದ್ದೆವು. ಕಾರ್ಯನಿರತ ಪತ್ರಕರ್ತರಿಗೆಂದು 1955ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತಲ್ಲ, ಅದರಲ್ಲಿ ಯಾರು ಪತ್ರಕರ್ತರು ಎಂಬ ಪಟ್ಟಿ ಇತ್ತು. ಸಂಪಾದಕ, ಅಗ್ರಲೇಖನ ಬರೆಯುವವರು, ಸುದ್ದಿಸಂಪಾದಕ, ಉಪಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಸುದ್ದಿಛಾಯಾಗ್ರಾಹಕ, ಹೀಗೆ ಸಾಗಿ ಕೊನೆಯಲ್ಲಿ ಪ್ರೂಫ್ ರೀಡರ್ ಎಂದು ನಿಲ್ಲುತ್ತಿತ್ತು. ಪಟ್ಟಿಯ ಕೊನೆಯ ಕುರ್ಚಿ ನನ್ನದು. ನನ್ನ ಎದುರಿನ ಕುರ್ಚಿ ಪಟ್ಟಿಯ ಹೊರಗೆ. ನನ್ನನ್ನು ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಅಂದರೆ ವಾರಕ್ಕೆ 36. ರಾತ್ರಿಪಾಳಿಯಾದರೆ ದಿನಕ್ಕೆ ಐದೂವರೆ ಗಂಟೆ. ಅಣ್ಣಯ್ಯನಿಗೆ ಕಾರ್ಖಾನೆ ಕಾಯ್ದೆ, ವಾರಕ್ಕೆ 48. ನನ್ನನ್ನು ತೆಗೆಯಬೇಕಾದರೆ ಮೂರು ತಿಂಗಳ ನೋಟಿಸು ಕೊಡಬೇಕಿತ್ತು, ಸಂಪಾದಕರಾದರೆ ಆರು ತಿಂಗಳು. 1974ರ ತಿದ್ದುಪಡಿ ಬರುವ ತನಕ ಪತ್ರಿಕೆಯ ಇತರ ನೌಕರರು ಆ ಕಾಯ್ದೆಯ ಹೆಸರಿನಲ್ಲೂ ಇರಲಿಲ್ಲ.

ನಮ್ಮ ಸಂಘದ ಸಭೆ ಇರುವ ದಿನ ನಾನು ಬೇಗ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅಣ್ಣಯ್ಯ ಮೊಳೆ ಜೋಡಿಸುವ ಸ್ಟಿಕ್ಕಿನಿಂದ ಕಣ್ಣೆತ್ತದೆ, 'ಹೋಗಿ ಬಾ, ನಮ್ಮದೂ ಏನಾದರೂ ಮಾತು ಬಂದರೆ ಕೇಳಿಸಿಕೊಂಡು ಬಾ' ಅನ್ನುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ಎತ್ತುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ, ಪತ್ರಕರ್ತ ಅನ್ನಿಸಿಕೊಂಡ ಖುಷಿಯೇ ಇನ್ನೂ ಆರಿರಲಿಲ್ಲ. ಆ ಖುಷಿಯ ಒಂದು ಪಾಲು ಅಣ್ಣಯ್ಯ ಹೊರಗಿದ್ದದ್ದರಿಂದ ಬಂದದ್ದು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಸಂಘ ಕಟ್ಟುವುದೆಂದರೆ ಮೊದಲು ಪಟ್ಟಿ ಮಾಡುವುದು. ಬ್ಯಾನರು, ರಸೀದಿ ಪುಸ್ತಕ, ಅಧ್ಯಕ್ಷರ ಶಾಲು ಎಲ್ಲ ಆಮೇಲೆ. ಯಾರು ನಮ್ಮವರು ಎಂದು ಬರೆಯುವ ಗಳಿಗೆಯಲ್ಲೇ ಯಾರು ಅಲ್ಲ ಎಂದೂ ಬರೆದಾಗಿರುತ್ತದೆ. ನಾನು ಇವತ್ತು ಹೇಳಲು ಬಂದದ್ದು ಈ ಎರಡನೆಯ, ಕಾಣದ ಪಟ್ಟಿಯ ವಿಚಾರ.

ನಮ್ಮ ನಾಡಿಗೆ ಕಸುಬಿನ ಸಂಘ ಹೊಸದಲ್ಲ. ಐಹೊಳೆಯ ಐನೂರ್ವರು ಎಂಬ ವರ್ತಕರ ಕೂಟದ ಹೆಸರು ತಮಿಳುನಾಡಿನ ಶಾಸನಗಳವರೆಗೂ ಹೋಗಿದೆ. ಆ ಐಹೊಳೆ ಇರುವುದು ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ. ಕನ್ನಡ ಪತ್ರಕರ್ತರ ಮೊದಲ ಸಮ್ಮೇಳನ ನಡೆದದ್ದೂ ಬಾಗಲಕೋಟೆಯಲ್ಲೇ, 1928ರಲ್ಲಿ. ಇದು ಕಾಕತಾಳೀಯ ಅಷ್ಟೆ, ಆದರೆ ಹೇಳದೆ ಬಿಡಲು ಮನಸ್ಸಾಗಲಿಲ್ಲ. ಬಾಗಲಕೋಟೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಧ್ಯಕ್ಷರಾಗಿ ಹೋದವರು ಮೈಸೂರು ಸಂಸ್ಥಾನದ ಬೆಂಗಳೂರಿನಿಂದ: ಡಿ.ವಿ. ಗುಂಡಪ್ಪನವರು. ರಾಜ್ಯ ಒಂದಾಗುವುದಕ್ಕೆ 28 ವರ್ಷ ಮೊದಲೇ ಪತ್ರಕರ್ತರು ಗಡಿ ದಾಟಿ ಒಂದು ಚಪ್ಪರದಡಿ ಕೂತಿದ್ದರು. ಪತ್ರಿಕೋದ್ಯಮದ ಬಗ್ಗೆ ಗುಂಡಪ್ಪನವರು ಬರೆದ 'ವೃತ್ತಪತ್ರಿಕೆ' ಪುಸ್ತಕವೂ ಅದೇ ವರ್ಷದ್ದು.

ಡಿವಿಜಿಯವರಿಗೆ ಸಂಘದ ಅಗತ್ಯ ತಿಳಿದದ್ದು ಪುಸ್ತಕದಿಂದಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕಾ ಶಾಸನ ತಂದಿತು. ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು, ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆಗ ಇಪ್ಪತ್ತೊಂದರ ತರುಣ ಗುಂಡಪ್ಪ ಪತ್ರಿಕಾ ಕಚೇರಿಗಳಲ್ಲಿ ಅಲೆದಾಡುತ್ತಿದ್ದ ಹುಡುಗ. ಮೆಟ್ರಿಕ್ಯುಲೇಷನ್ ಪಾಸಾಗಿರಲಿಲ್ಲ. ಹೊಟ್ಟೆಪಾಡಿಗೆ ಜಟಕಾಗಾಡಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲೂ ಕೆಲಸ ನೋಡಿದ್ದವರು. 1913ರ ಏಪ್ರಿಲ್‌ನಲ್ಲಿ 'ದಿ ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಸ್ವಂತವಾಗಿ ಶುರುಮಾಡಿದರು. ಪತ್ರಕರ್ತನಾಗಲು ಪದವಿ ಬೇಕು, ಪರವಾನಗಿ ಬೇಕು ಎಂದು ನಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ಯಾರಾದರೂ ಎದ್ದು ಹೇಳುತ್ತಾರೆ. ಅಂಥ ನಿಯಮ 1908ರಲ್ಲಿ ಇದ್ದಿದ್ದರೆ ಹೊರಗೆ ನಿಲ್ಲಬೇಕಾಗಿದ್ದವರಲ್ಲಿ ಡಿವಿಜಿ ಮೊದಲಿಗರು.

ಅವರು ಕೊನೆಗೆ ಕಟ್ಟಿ ಬೆಳೆಸಿದ್ದು ಪತ್ರಕರ್ತರ ಸಂಘವನ್ನಲ್ಲ ಎಂಬುದನ್ನು ನಾವು ಗಮನಿಸಬೇಕು. 1945ರ ಫೆಬ್ರವರಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಇಲ್ಲಿಂದ ಮೂರು ಕಿಲೋಮೀಟರು ಆಚೆ, ಬುಲ್ ಟೆಂಪಲ್ ರಸ್ತೆಯಲ್ಲಿ ಅದು ಇವತ್ತಿಗೂ ಇದೆ. ಅಲ್ಲಿ ಸದಸ್ಯನಾಗಲು ಪತ್ರಕರ್ತನಾಗಿರಬೇಕಿಲ್ಲ, ಪತ್ರಿಕೆ ಓದುವವನಾಗಿದ್ದರೆ ಸಾಕು. ಪತ್ರಿಕೆಯ ಯೋಗ್ಯತೆ ಬರೆಯುವವರಿಗಿಂತ ಓದುವವರ ಮೇಲೆ ನಿಂತಿದೆ ಎಂದು ಅವರಿಗೆ ಅನ್ನಿಸಿರಬೇಕು. ಇದು ನನ್ನ ಊಹೆ, ಅವರ ಮಾತಲ್ಲ.

ಸಂಪರ್ಕದವರ ಸಂಘಗಳಿಗೆ ಊರಿನ ಹೆಸರಿನ ದಾರಿಯಿಂದ ಬರುತ್ತೇನೆ. ಆ ಹೆಸರುಗಳ ವಿಷಯದಲ್ಲಿ ನಾವು ಸ್ವಲ್ಪ ಮರೆವಿನ ಜನ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಅಲ್ಲಿ ಬಾಡಿಗೆಗಿರುವ ಹುಡುಗರಿಗೆ ಹೇಳಿದರೆ ಅಚ್ಚರಿಪಡುತ್ತಾರೆ. ಜೆ.ಪಿ. ನಗರದವರಿಗೆ ಜೆ.ಪಿ. ಯಾರೆಂದು ಗೊತ್ತು, ತುರ್ತುಪರಿಸ್ಥಿತಿ, ಸಂಪೂರ್ಣ ಕ್ರಾಂತಿ. ಅದೇ ಜಯಪ್ರಕಾಶ ನಾರಾಯಣರು 1947ರಿಂದ 1953ರ ತನಕ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದರು, ಅಂಚೆಯವರ ಸಂಘಕ್ಕೂ ಅಧ್ಯಕ್ಷರಾಗಿದ್ದರು ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ಅಂಚೆಯಣ್ಣಂದಿರು 1946ರ ಜುಲೈ 11ರಂದು ದೇಶಾದ್ಯಂತ ಮುಷ್ಕರ ಹೂಡಿದ್ದರು. ಆ ಮುಷ್ಕರದ ದಿನಗಳ ಸಂಬಳದ ವಿಚಾರದಲ್ಲಿ ಸರ್ಕಾರದ ಕಡೆಯಿಂದ ಮಾತು ಸಿಕ್ಕಿದೆ ಎಂದು ನಂಬಿ ಜೆ.ಪಿ. ನೌಕರರಿಗೆ ಹೇಳಿದರು. ಆ ಮಾತು ನಿಲ್ಲಲಿಲ್ಲ. 1952ರಲ್ಲಿ ಅವರು ಪುಣೆಯಲ್ಲಿ 21 ದಿನ ಉಪವಾಸ ಕೂತರು. ಸರ್ಕಾರವನ್ನು ಮಣಿಸಲು ಅಲ್ಲ; ತಾನು ಹೇಳಿದ ಮಾತು ಸುಳ್ಳಾಯಿತಲ್ಲ ಎಂದು. ಸಂಘದ ಅಧ್ಯಕ್ಷರು ಸದಸ್ಯರಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಅನ್ನ ಬಿಟ್ಟ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಜೆ.ಪಿ. ನಗರದಲ್ಲಿ ಊಟಕ್ಕೆ ಬೇಕಾದಷ್ಟು ಜಾಗಗಳಿವೆ, ಈ ಉಪವಾಸದ ನೆನಪಿಗೆ ಒಂದು ಫಲಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಸಿನಿಮಾಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1950ರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆ, ತಯಾರಾಗುತ್ತಿದ್ದದ್ದೂ ಬಹುಪಾಲು ಮದರಾಸಿನಲ್ಲಿ. ನಮ್ಮ ಕಲಾವಿದರಿಗೆ ಕೆಲಸವೇ ಇಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಎಂದು ಕಟ್ಟಿಕೊಂಡರು. ಊರೂರು ತಿರುಗಿ ನಾಟಕ ಆಡಿ ದುಡ್ಡು ಸೇರಿಸಿದರು. ಅದರಲ್ಲಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಕೆಲಸ ಕೊಡಿ ಎಂದು ಮನವಿಪತ್ರ ಬರೆಯಲಿಲ್ಲ, ಕೆಲಸವನ್ನೇ ಹುಟ್ಟಿಸಿಕೊಂಡರು. ನಾನು ಕಂಡು ಕೇಳಿದ ಸಂಘಗಳಲ್ಲೆಲ್ಲ ಇದರಷ್ಟು ನನಗೆ ಇಷ್ಟವಾದದ್ದು ಇನ್ನೊಂದಿಲ್ಲ.

ಅದೇ ಕಾಲದಲ್ಲಿ ಬೇರೆ ಭಾಷೆಯ ಚಿತ್ರಗಳು ಕನ್ನಡದ ದನಿ ತೊಟ್ಟು ಬರುತ್ತಿದ್ದವು. ಅ.ನ. ಕೃಷ್ಣರಾಯರು, ಪತ್ರಕರ್ತ ಮ. ರಾಮಮೂರ್ತಿ ಮೊದಲಾದವರು ಕನ್ನಡದ ಕಲಾವಿದನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಡಬ್ಬಿಂಗ್ ವಿರುದ್ಧ ನಿಂತರು. ಆ ದಿನಗಳಿಗೆ ಅದು ಸರಿಯಾದ ಸಿಟ್ಟು ಎಂದೇ ನನ್ನ ಅಭಿಪ್ರಾಯ. ಬೀಜ ಮೊಳೆಯುವ ತನಕ ಬೇಲಿ ಬೇಕು. ಅರವತ್ತರ ದಶಕದ ನಡುಭಾಗದಿಂದ ಡಬ್ಬಿಂಗ್ ನಿಂತಿತು. ಕಾನೂನಿನಿಂದ ನಿಂತದ್ದಲ್ಲ, ಅಂಥ ಕಾನೂನು ಯಾವತ್ತೂ ಇರಲಿಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿ, ನಿರ್ಮಾಪಕರು, ಕಲಾವಿದರು ಎಲ್ಲ ಸಂಘಗಳ ಒಪ್ಪಂದ, ಒತ್ತಡ, ಒಂದಿಷ್ಟು ಹೆದರಿಕೆ. ಹೀಗೆ ಐವತ್ತು ವರ್ಷ ನಡೆಯಿತು.

ಐವತ್ತು ವರ್ಷದಲ್ಲಿ ಗಿಡ ಮರವಾಯಿತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವೇ ಎದ್ದಿತ್ತು, ಈಗಿಲ್ಲ, ಇರಲಿ. ಬೇಲಿ ಮಾತ್ರ ಹಾಗೇ ಇತ್ತು, ಅದಕ್ಕೆ ಕಾವಲುಗಾರರೂ ಇದ್ದರು. ನಾನೂ ಮನಸ್ಸಿನಲ್ಲಿ ಆ ಕಾವಲುಗಾರರ ಪೈಕಿಯೇ. 2012ರ ಮೇ ತಿಂಗಳಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ಟಿವಿಯಲ್ಲಿ ಶುರುವಾಯಿತು. ಹೆಣ್ಣುಭ್ರೂಣಹತ್ಯೆಯಂಥ ವಿಷಯ. ಹಲವು ಭಾಷೆಗಳಿಗೆ ಡಬ್ ಆಗಿ ಬಂತು, ಕನ್ನಡದ ಟಿವಿಯಲ್ಲಿ ಬರಲಿಲ್ಲ. ಆ ಭಾನುವಾರ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಹಿಂದಿಯಲ್ಲಿ ಓಡುತ್ತಿದ್ದ ಕಾರ್ಯಕ್ರಮವನ್ನು ಬಾಗಿಲಲ್ಲಿ ನಿಂತು ನೋಡಿ, 'ಇದೇನ್ ಹೇಳ್ತಾವ್ರೆ ಸಾಮಿ, ಅಳ್ತಾವ್ರಲ್ಲ?' ಎಂದು ಕೇಳಿದರು. ನಾನು ಅರ್ಥ ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ನಾನು ಮಾಡುತ್ತಿರುವುದೂ ಡಬ್ಬಿಂಗೇ ಅಲ್ಲವೇ ಎಂದು ನಗು ಬಂತು. ಆಮೇಲೆ ನಗು ಬರಲಿಲ್ಲ. ಬೇಲಿ ಹಾಕಿದವರ ಪಟ್ಟಿಯಲ್ಲಿ ನಿರ್ಮಾಪಕ ಇದ್ದ, ಹಂಚಿಕೆದಾರ ಇದ್ದ, ನಟ ಇದ್ದ, ಬೆಳಕಿನ ಹುಡುಗನೂ ಇದ್ದ. ಈಯಮ್ಮ ಇರಲಿಲ್ಲ. ಹಿಂದಿ ಇಂಗ್ಲಿಷ್ ಬಲ್ಲ ನನಗೆ ಬೇಲಿಯಿಂದ ಯಾವ ನಷ್ಟವೂ ಇರಲಿಲ್ಲ. ಕನ್ನಡವೊಂದನ್ನೇ ಬಲ್ಲವರಿಗೆ ಮಾತ್ರ ನಷ್ಟ. ಕನ್ನಡಕ್ಕಾಗಿ ಎದ್ದ ಬೇಲಿ ಅದು!

ಹೊರಗಿದ್ದವರು ಒಂದು ದಿನ ತಮ್ಮದೇ ಹೆಸರಿಟ್ಟುಕೊಂಡು ಬಂದರು. ಕನ್ನಡ ಗ್ರಾಹಕರ ಕೂಟ. ಹೆಸರಿನಲ್ಲೇ ಎಲ್ಲ ಇದೆ ನೋಡಿ. ಅಭಿಮಾನಿಗಳೂ ಅಲ್ಲ, ಪ್ರೇಕ್ಷಕರೂ ಅಲ್ಲ, ಗ್ರಾಹಕರು. ದುಡ್ಡು ಕೊಟ್ಟು ನೋಡುವವನಿಗೂ ಒಂದು ಕೂಟ ಇರಬಹುದೆಂದು ನಮ್ಮ ಗಾಂಧಿನಗರಕ್ಕೆ ಅದುವರೆಗೆ ಹೊಳೆದಿರಲಿಲ್ಲ. ಅವರು 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ವಿಚಾರಣೆ ಮೂರು ವರ್ಷ ನಡೆಯಿತು. 2015ರ ಜುಲೈ 27ರಂದು ಆಯೋಗ ತೀರ್ಪು ಕೊಟ್ಟು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್, ನಿರ್ಮಾಪಕರ ಸಂಘ ಮೂರಕ್ಕೂ ಸೇರಿ ಸುಮಾರು 20 ಲಕ್ಷ ರೂಪಾಯಿ ದಂಡ ಹಾಕಿತು. ಡಬ್ ಮಾಡಿದ ಚಿತ್ರವನ್ನು ತಡೆಯುವುದು ಪೈಪೋಟಿಯನ್ನು ತಡೆಯುವುದೇ ಎಂಬುದು ತೀರ್ಪಿನ ತಿರುಳು. 2017ರ ಮಾರ್ಚ್‌ನಲ್ಲಿ ತಮಿಳಿನ ಅಜಿತ್ ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂದು ಕನ್ನಡದಲ್ಲಿ ಬಂತು. ಅದೇ ತಿಂಗಳ 7ರಂದು ಸುಪ್ರೀಂ ಕೋರ್ಟು ಬಂಗಾಳದ ಇಂಥದೇ ಮೊಕದ್ದಮೆಯಲ್ಲಿ, ಡಬ್ ಆದ 'ಮಹಾಭಾರತ' ಧಾರಾವಾಹಿಯನ್ನು ತಡೆದ ಕಲಾವಿದರ, ತಂತ್ರಜ್ಞರ ಸಮಿತಿಯ ವಿರುದ್ಧ ತೀರ್ಪಿತ್ತಿತು. ಕಾರ್ಮಿಕ ಸಂಘವೆಂದು ಕರೆದುಕೊಂಡ ಮಾತ್ರಕ್ಕೆ ಸ್ಪರ್ಧಾ ಕಾನೂನಿನಿಂದ ಪಾರಾಗಲು ಬರುವುದಿಲ್ಲ. ವ್ಯಾಪಾರಿಗಳೊಡನೆ ಸೇರಿ ವ್ಯಾಪಾರವನ್ನು ತಡೆದರೆ ಸಂಘವೂ ಉತ್ತರ ಕೊಡಬೇಕು ಎಂದಿತು.

ಆಮೇಲಿನ ಕಥೆ ನಿಮಗೆ ಗೊತ್ತು. 2018ರಲ್ಲಿ 'ಕೆಜಿಎಫ್', 2022ರಲ್ಲಿ 'ಕಾಂತಾರ' ಹಿಂದಿಗೆ, ತೆಲುಗಿಗೆ, ತಮಿಳಿಗೆ ಡಬ್ ಆಗಿ ಹೋಗಿ ದೇಶ ಸುತ್ತಿ ಬಂದವು. ಡಬ್ಬಿಂಗಿನಿಂದ ಕನ್ನಡ ಚಿತ್ರರಂಗ ಸಾಯುತ್ತದೆ ಎಂದವರೇ ಡಬ್ಬಿಂಗ್ ಹಕ್ಕಿನ ದುಡ್ಡು ಎಣಿಸಿದರು. ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ನಾನು ಇರುವುದು ಬನಶಂಕರಿಯಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳು ಧಾರಾವಾಹಿಯ ಶೂಟಿಂಗ್ ಮನೆಗಳು. ಬೆಳಗ್ಗೆ ಏಳಕ್ಕೆ ವ್ಯಾನು ಬಂದು ನಿಲ್ಲುತ್ತದೆ. ಲೈಟಿನವರು, ಮೇಕಪ್ಪಿನವರು, ಊಟ ತರುವವರು ಇಳಿಯುತ್ತಾರೆ. ಎಲ್ಲ ದಿನಗೂಲಿ. 2020ರ ಲಾಕ್‌ಡೌನಿನಲ್ಲಿ ವ್ಯಾನು ಬರುವುದು ನಿಂತಿತು. ಅದೇ ಹೊತ್ತಿಗೆ ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬಂತು, ಮನೆಮನೆಯಲ್ಲಿ ಓಡಿತು. ನಮ್ಮ ಮನೆಯಲ್ಲೂ. ಗ್ರಾಹಕನ ಕೂಟ ಗೆದ್ದದ್ದು ನ್ಯಾಯವೇ. ಆದರೆ ಆ ನ್ಯಾಯದ ಬೆಲೆಯಲ್ಲಿ ಒಂದು ಪಾಲನ್ನು ಲೈಟು ಹೊತ್ತ ಹುಡುಗ ಕೊಟ್ಟ. ದಂಡದ 20 ಲಕ್ಷದಲ್ಲಿ ಅದರ ಲೆಕ್ಕ ಇಲ್ಲ. ಬೇಲಿ ಕಾಯುತ್ತಾ ಐವತ್ತು ವರ್ಷ ಕಳೆಯುವ ಬದಲು ಆ ಸಂಘಗಳು ಅವನಿಗೊಂದು ಭವಿಷ್ಯನಿಧಿಯನ್ನು ಗಟ್ಟಿಮಾಡಿದ್ದರೆ ಬೇಲಿ ಬಿದ್ದ ದಿನ ಅವನು ಬೀಳುತ್ತಿರಲಿಲ್ಲ.

ತಂತ್ರಜ್ಞಾನದ ಕಡೆ ನೋಡಿದರೆ ನನಗೆ ಮೊದಲು ನೆನಪಾಗುವುದು ಕನ್ನಡ ಗಣಕ ಪರಿಷತ್ತು. ಅಚ್ಚುಮೊಳೆ ಹೋಗಿ ಡಿಟಿಪಿ ಬಂದ ಕಾಲ. ಚಾಮರಾಜಪೇಟೆಯ ಒಂದು ಅಂಗಡಿಯಲ್ಲಿ ಕಂಪೋಸ್ ಮಾಡಿದ ಫೈಲನ್ನು ಪಕ್ಕದ ಬೀದಿಯ ಅಂಗಡಿಯಲ್ಲಿ ತೆರೆದರೆ ಜಿಲೇಬಿ ಸುತ್ತಿದ ಹಾಗೆ ಕಾಣುತ್ತಿತ್ತು. ಪ್ರತಿ ಕಂಪನಿಗೂ ತನ್ನದೇ ಅಕ್ಷರಸಂಕೇತ, ತನ್ನದೇ ಕೀಲಿಮಣೆ. ಒಂದು ತಂತ್ರಾಂಶ ಕೊಂಡವನು ಅದಕ್ಕೇ ಕಟ್ಟುಬಿದ್ದ. ಗಣಕ ಪರಿಷತ್ತಿನವರು ಸರ್ಕಾರವನ್ನು ಹಿಡಿದು, ತಕರಾರುಗಳನ್ನು ದಾಟಿ, ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಶಿಷ್ಟವೆಂದು ಮಾಡಿಸಿದರು. 2000ದ ದಶಕದ ಆರಂಭದಲ್ಲಿ 'ನುಡಿ' ತಂತ್ರಾಂಶವನ್ನು ಪುಕ್ಕಟೆ ಕೊಟ್ಟರು. ಸಾಗರದಾಚೆಯಿಂದ ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಯೂನಿಕೋಡಿಗೆ ಹೋಗುವುದರಲ್ಲಿ ನಾವು ತಡಮಾಡಿದೆವು, ಹಳೆಯ ಸಂಕೇತದಲ್ಲಿ ಸಿಕ್ಕಿಬಿದ್ದ ಕಡತಗಳು ಇವತ್ತಿಗೂ ಕಚೇರಿಗಳಲ್ಲಿ ಕೂತಿವೆ. ಆ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ. ನನಗೆ ಮುಖ್ಯವಾದದ್ದು ಬೇರೆ. ತಂತ್ರಾಂಶ ಮಾರುವವರ ಹಿತವನ್ನಷ್ಟೇ ನೋಡಿಕೊಳ್ಳುವ ಸಂಘವಾಗಿದ್ದರೆ ಅದು ಈ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಕೀಲಿಮಣೆಯ ಮುಂದೆ ಕೂತ ಬೆರಳಚ್ಚಿನ ಹುಡುಗಿಯನ್ನು ಅವರು ಪಟ್ಟಿಗೆ ಸೇರಿಸಿಕೊಂಡಿದ್ದರು. ಅಣ್ಣಯ್ಯ ತಮ್ಮ ಐವತ್ತೈದನೆಯ ವಯಸ್ಸಿನ ಮೇಲೆ ಕೀಲಿಮಣೆ ಮುಟ್ಟಿದವರು. ಒತ್ತಕ್ಷರಕ್ಕೆ ಬೇರೆ ಮೊಳೆ ಹುಡುಕಬೇಕಿಲ್ಲ, ಒಂದು ಕೀಲಿ ಒತ್ತಿದರೆ ಕೆಳಗೆ ಹೋಗಿ ಕೂರುತ್ತದೆ ಎಂದು ನೋಡಿ ಮಗುವಿನ ಹಾಗೆ ನಕ್ಕಿದ್ದರು.

ಬಿಟಿಎಂ ಲೇಔಟಿನ ಹುಡುಗರ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ಹುಟ್ಟಿದ್ದು 1988ರಲ್ಲಿ. ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, ಎಲ್ಲರೂ ಕಿಟು ಎನ್ನುವುದು, ಕಾರ್ಮಿಕ ಸಂಘವಾಗಿ ಬಂದದ್ದು 2017ರಲ್ಲಿ. ನಡುವೆ ಒಂದೆರಡು ವೇದಿಕೆಗಳು ಬಂದುಹೋದವು. ಮಾಲೀಕರಿಗೆ ಸಂಘ ಬೇಕೆಂದು ಹೊಳೆದ ಮೇಲೆ ದುಡಿಯುವವರಿಗೆ ಹೊಳೆಯಲು 29 ವರ್ಷ. ಯಾಕೆ ಇಷ್ಟು ತಡ ಎಂದು ನಮ್ಮ ಬೀದಿಯ ಹುಡುಗನೊಬ್ಬನನ್ನು ಕೇಳಿದೆ. 'ಅಂಕಲ್, ಯೂನಿಯನ್ ಅಂದ್ರೆ ಲೇಬರ್ಸಿಗೆ ಅಲ್ವಾ? ನಾನು ಟೀಂ ಲೀಡ್' ಅಂದ. ಅವನ ಕೈಕೆಳಗೆ ಎಷ್ಟು ಜನ ಎಂದರೆ ಇಬ್ಬರು. ಅವರ ಹುದ್ದೆ ಏನು ಎಂದರೆ ಅಸೋಸಿಯೇಟ್ ಲೀಡ್.

1971ರ ನನ್ನ ಖುಷಿಯೇ ಬೇರೆ ಅಂಗಿ ತೊಟ್ಟು ನಿಂತಿತ್ತು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕಾರ್ಮಿಕ ಎಂದರೆ ಯಾರು ಎಂಬ ವ್ಯಾಖ್ಯೆ ಇತ್ತು. ವ್ಯವಸ್ಥಾಪಕನ ಕೆಲಸ ಮಾಡುವವನು ಅದರ ಹೊರಗೆ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವೇ ಮುಖ್ಯ ಎಂದು ಕೋರ್ಟುಗಳು ಹೇಳುತ್ತಾ ಬಂದಿದ್ದರೂ ಕಾರ್ಡಿನ ಮೇಲಿನ ಹೆಸರು ಮನಸ್ಸಿನ ಮೇಲೆ ಮಾಡಬೇಕಾದ ಕೆಲಸ ಮಾಡಿರುತ್ತದೆ. ಅದರ ಮೇಲೆ, ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ನಮ್ಮ ಸರ್ಕಾರ ವಿನಾಯಿತಿ ಕೊಡುತ್ತಾ ಬಂದಿತ್ತು: 2014ರಲ್ಲಿ, 2019ರಲ್ಲಿ, 2024ರಲ್ಲಿ, ಐದೈದು ವರ್ಷಕ್ಕೆ. ಕೆಲಸದ ಹೊತ್ತು, ರಜೆ, ಶಿಸ್ತುಕ್ರಮ ಇವನ್ನೆಲ್ಲ ಬರೆದು ತೋರಿಸಬೇಕೆಂದಿದ್ದ ಕಾಯ್ದೆ ಅದು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯವರೆಗೂ ದುಡಿಸಬಹುದಾದ ತಿದ್ದುಪಡಿಯ ಪ್ರಸ್ತಾಪ ಬಂದಾಗ ಎದ್ದು ನಿಂತದ್ದು ಕಿಟು. ಆ ವಾರ ನಮ್ಮ ಟೀಂ ಲೀಡ್ ತಾನಾಗಿಯೇ ಮನೆಗೆ ಬಂದು, ಆ ಸಂಘಕ್ಕೆ ಸೇರಿದರೆ ಆಫೀಸಿನವರಿಗೆ ಗೊತ್ತಾಗುತ್ತಾ ಎಂದು ಮೆಲ್ಲಗೆ ಕೇಳಿದ. ಸೇರಿದನೋ ಇಲ್ಲವೋ ನಾನು ಕೇಳಲು ಹೋಗಿಲ್ಲ.

2019ರಲ್ಲಿ, 2020ರಲ್ಲಿ ಸಂಸತ್ತು ಕೇಂದ್ರದ ಹಳೆಯ ಕಾರ್ಮಿಕ ಕಾನೂನುಗಳಲ್ಲಿ ಬಹುಪಾಲನ್ನು ನಾಲ್ಕು ಸಂಹಿತೆಗಳಲ್ಲಿ ಕೂಡಿಸಿತು, 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದಿವೆ. ನನ್ನನ್ನು ಕೊನೆಯ ಕುರ್ಚಿಯಲ್ಲಿ ಕೂರಿಸಿದ್ದ 1955ರ ಕಾಯ್ದೆಯೂ ಅವುಗಳೊಳಗೆ ಕರಗಿತು. ಪತ್ರಕರ್ತರ ಸಂಘಗಳಿಗೆ ಇದರಲ್ಲಿ ಆತಂಕವಿದೆ. ಪತ್ರಿಕೆಯವರಿಗೆಂದೇ ಇದ್ದ ವೇತನಮಂಡಳಿ, ನ್ಯಾಯಮಂಡಳಿಗಳ ಪರಂಪರೆ, ಪಾಲೇಕರ್, ಬಚಾವತ್, ಮಜೀಠಿಯಾ, ಇನ್ನು ಏನಾಗುತ್ತದೆ ಎಂದು. ಆತಂಕ ನಿಜವಾದದ್ದೇ. ಅದರ ಜೊತೆಗೇ ಪಟ್ಟಿ ಉದ್ದವಾಗಿರುವುದೂ ನಿಜ. ಪತ್ರಕರ್ತ ಎಂಬ ವ್ಯಾಖ್ಯೆಯೊಳಗೆ ಈಗ ಟಿವಿಯವರು, ಡಿಜಿಟಲ್ ಮಾಧ್ಯಮದವರು ಬಂದಿದ್ದಾರೆ. ಶ್ರವ್ಯ-ದೃಶ್ಯ ಕೆಲಸಗಾರರು ಎಂಬ ಹೊಸ ಹೆಸರಿನಡಿ ಡಬ್ಬಿಂಗ್ ಕಲಾವಿದರೂ ಸಾಹಸ ಕಲಾವಿದರೂ ಬರುತ್ತಾರೆಂದು ಸರ್ಕಾರ ಹೇಳಿದೆ, ನೇಮಕಾತಿ ಪತ್ರ ಕೊಡಲೇಬೇಕೆಂದೂ ಹೇಳಿದೆ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಡಬ್ಬಿಂಗ್ ಕಲಾವಿದೆ. ಒಂದೇ ದಿನ ಹಿಂದಿಯ ಸೊಸೆಗೂ ತೆಲುಗಿನ ಅತ್ತೆಗೂ ಕನ್ನಡದ ದನಿ ಕೊಟ್ಟು ಬರುತ್ತಾಳೆ. ಸಂಜೆ ಮೆಟ್ಟಿಲು ಹತ್ತುವಾಗ ಅವಳ ಸ್ವಂತ ದನಿ ಇರುವುದಿಲ್ಲ. ಈ ಸುದ್ದಿ ಬಂದ ದಿನ ಅವಳನ್ನು ಕರೆದು, ಕಾನೂನಿನ ಪಟ್ಟಿಯಲ್ಲಿ ನೀನಿದ್ದೀಯ ಕಣಮ್ಮ ಎಂದು ಪತ್ರಿಕೆ ತೋರಿಸಿದೆ. ಓದಿದಳು. 'ಅಂಕಲ್, ನೇಮಕಾತಿ ಪತ್ರ ಯಾರ ಹತ್ರ ಕೇಳ್ಬೇಕು? ಸ್ಟುಡಿಯೋ ಅವ್ರು ಏಜೆಂಟ್ ಅಂತಾರೆ, ಏಜೆಂಟ್ ಚಾನೆಲ್ ಅಂತಾನೆ' ಅಂದಳು. ಒಬ್ಬಳೇ ಕೇಳಿದರೆ ನಾಳೆಯಿಂದ ಕರೆಯುವುದಿಲ್ಲ, ನಾಲ್ಕು ಜನ ಸೇರಿ ಕೇಳಿ ಎಂದೆ.

ಹೋದ ತಿಂಗಳು ಅವರು ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡಿದ್ದಾರೆ. ಇಪ್ಪತ್ತಮೂರು ಜನ. ಸಂಘ ಎಂದು ಇನ್ನೂ ಕರೆದುಕೊಂಡಿಲ್ಲ. ಆಗಲೇ ಒಂದು ಜಗಳ ಎದ್ದಿದೆ. ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ದನಿಯನ್ನು ತುಟಿಗೆ ಕೂರಿಸುವ ಹುಡುಗನಿದ್ದಾನಂತೆ, ಕನ್ಸೋಲಿನವನು. ಅವನೂ ಸೇರುತ್ತೇನೆ ಎಂದಿದ್ದಾನೆ. ಅವನು ದನಿ ಕೊಡುವವನಲ್ಲವಲ್ಲ, ಕಲಾವಿದ ಹೇಗಾಗುತ್ತಾನೆ ಎಂದು ಗುಂಪಿನಲ್ಲಿ ಅರ್ಧ ಜನ. ಅವನು ಇಲ್ಲದಿದ್ದರೆ ನಮ್ಮ ತಪ್ಪು ಹಿಡಿಯುವವರು ಯಾರು ಎಂದು ಇನ್ನರ್ಧ.

ನೀವೇನಂತೀರಿ ಎಂದು ನನ್ನನ್ನು ಕೇಳಿದಳು. ನಾನು ಅಣ್ಣಯ್ಯನ ವಿಷಯ ಹೇಳಿದೆ, ಮೇಜಿನ ವಿಷಯ, 36 ಗಂಟೆ 48 ಗಂಟೆಯ ವಿಷಯ. ಪೂರ್ತಿ ಕೇಳಿಸಿಕೊಂಡಳು. ಇವತ್ತು ಇಲ್ಲಿಗೆ ಹೊರಡುವ ಮುಂಚೆ ಏನಾಯಿತಮ್ಮ ಎಂದು ವಿಚಾರಿಸಿದೆ. ಆ ಹುಡುಗನನ್ನು ಇನ್ನೂ ಸೇರಿಸಿಲ್ಲವಂತೆ. ಭಾನುವಾರ ಲಾಲ್‌ಬಾಗಿನಲ್ಲಿ ಮೀಟಿಂಗ್ ಇದೆಯಂತೆ, ಅವನನ್ನೂ ಬಾ ಅಂದಿದ್ದಾರಂತೆ.